ಐದು ಪೈಸೆಯ ಹೆಚ್ಚುವರಿ ಅಂಚೆಚೀಟಿ

ಮನೆಗೆ ಬಂದ ಕಾಗದಗಳನ್ನು ಕೊಕ್ಕೆತಂತಿಗೆ ಚುಚ್ಚಿ ನಡುಮನೆಯ ಮೊಳೆಗೆ ತೂಗುಹಾಕುವ ಪದ್ಧತಿ ನಮ್ಮ ತಂದೆಯವರ ಕಾಲದಲ್ಲಿತ್ತು. ಕಳೆದ ತಿಂಗಳು ಊರಿನ ಹಳೆಯ ಮನೆಯನ್ನು ತೆರವು ಮಾಡುವಾಗ ಅಟ್ಟದ ಮೇಲೆ ಅಂಥದೊಂದು ತಂತಿ ಸಿಕ್ಕಿತು. ತುಕ್ಕು ಹಿಡಿದಿದ್ದ ಆ ತಂತಿಯ ಬುಡದಲ್ಲಿ, ಮುಂಬಯಿಯಲ್ಲಿದ್ದ ಸೋದರಮಾವ 1971ರ ಡಿಸೆಂಬರಿನಲ್ಲಿ ಬರೆದ ಪತ್ರವೊಂದು ಲಕೋಟೆಯ ಸಮೇತ ಉಳಿದಿತ್ತು. ಲಕೋಟೆಯ ಮೇಲೆ ಮಾಮೂಲಿ ಇಪ್ಪತ್ತು ಪೈಸೆಯ ಚೀಟಿಯ ಪಕ್ಕದಲ್ಲಿ ಇನ್ನೊಂದು ಐದು ಪೈಸೆಯ ಚೀಟಿ. ಕುಟುಂಬ ಯೋಜನೆಯ ಪ್ರಚಾರಕ್ಕಾಗಿ ಹಿಂದೆಯೇ ಅಚ್ಚಾಗಿದ್ದ ಆ ಚೀಟಿಯ ಮೇಲೆ ‘ರೆಫ್ಯೂಜಿ ರಿಲೀಫ್’ ಎಂದು ಮರುಮುದ್ರಿಸಲಾಗಿತ್ತು.

ಅದನ್ನು ನೋಡಿದ ಕೂಡಲೇ ನಮ್ಮ ಅಜ್ಜಿಯ ನೆನಪಾಯಿತು. ನಾನಾಗ ಏಳನೆಯ ತರಗತಿಯ ಹುಡುಗ. ಮಾವನಿಗೆ ಮಾರುತ್ತರ ಹಾಕಲು ಅಂಚೆ ಕಚೇರಿಗೆ ಹೊರಟಾಗ ಅಜ್ಜಿ ತನ್ನ ಸೆರಗಿನ ಗಂಟು ಬಿಚ್ಚಿ ಎಣಿಸಿ ಎಣಿಸಿ ಚಿಲ್ಲರೆ ಕೊಟ್ಟಳು. ಐದು ಪೈಸೆ ಹೆಚ್ಚು ಬೇಕೆಂದೆ. ಯಾಕೆಂದು ಕೇಳಿದಳು. ಬಂಗಾಳದ ಕಡೆಯಿಂದ ಮನೆಮಠ ಬಿಟ್ಟು ಓಡಿ ಬಂದವರಿಗೆ ಅನ್ನ ಹಾಕಲು ಸರ್ಕಾರ ಹಾಕಿರುವ ಪಟ್ಟಿ ಎಂದು, ಮೇಷ್ಟ್ರು ಹೇಳಿದ್ದನ್ನೇ ಒಪ್ಪಿಸಿದೆ. ಅಜ್ಜಿ ಐದು ಪೈಸೆಯ ಚೌಕದ ನಾಣ್ಯವನ್ನು ಅಂಗೈಯಲ್ಲಿ ತಿರುಗಿಸಿ ನೋಡುತ್ತಾ, “ಕೊಡೋದಕ್ಕೇನೂ ಬೇಜಾರಿಲ್ಲ ಕಣೋ, ಇಷ್ಟರಲ್ಲಿ ಯಾರ ಹೊಟ್ಟೆ ತುಂಬುತ್ತೆ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಇತಿಹಾಸ ಕಲಿಸಿ ನಿವೃತ್ತನಾದ ಮೇಲೆ, ಬಿಡುವಿನಲ್ಲಿ ಆ ವರ್ಷದ ವೃತ್ತಾಂತಗಳನ್ನು ಓದುತ್ತಾ ಹೋದಂತೆ ಅಜ್ಜಿಯ ಪ್ರಶ್ನೆಗೆ ಒಂದಿಷ್ಟು ಉತ್ತರ ದೊರೆಯಿತು. ಅದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

1971ರ ಮಾರ್ಚ್ 25ರ ರಾತ್ರಿ ಪಾಕಿಸ್ತಾನದ ಸೈನ್ಯ ಢಾಕಾ ನಗರದಲ್ಲಿ ಹತ್ಯಾಕಾಂಡವನ್ನು ಆರಂಭಿಸಿತು. ಅಲ್ಲಿಂದ ಡಿಸೆಂಬರಿನವರೆಗೆ ಪೂರ್ವ ಪಾಕಿಸ್ತಾನದಿಂದ ಭಾರತಕ್ಕೆ ಬಂದು ನೋಂದಾಯಿತರಾದ ನಿರಾಶ್ರಿತರ ಸಂಖ್ಯೆ 98,99,305. ಪಠ್ಯಪುಸ್ತಕಗಳು ಇದನ್ನೇ ‘ಸುಮಾರು ಒಂದು ಕೋಟಿ’ ಎಂದು ದುಂಡಗೆ ಮಾಡಿ ಬರೆಯುತ್ತವೆ. ಪಶ್ಚಿಮ ಬಂಗಾಳವೊಂದಕ್ಕೇ ಸುಮಾರು 75 ಲಕ್ಷ ಜನ ಬಂದರು. ತ್ರಿಪುರದ ಕಥೆ ಇನ್ನೂ ವಿಸ್ಮಯಕರ. ಆ ವರ್ಷದ ಜನಗಣತಿಯಂತೆ ತ್ರಿಪುರದ ಸ್ವಂತ ಜನಸಂಖ್ಯೆ ಹದಿನೈದೂವರೆ ಲಕ್ಷ. ಅಲ್ಲಿಗೆ ಬಂದ ನಿರಾಶ್ರಿತರು ಹದಿನಾಲ್ಕು ಲಕ್ಷ. ಹತ್ತು ಜನರಿರುವ ಮನೆಗೆ ಒಂದೇ ವರ್ಷದಲ್ಲಿ ಒಂಬತ್ತು ಮಂದಿ ನೆಂಟರು ಬಂದಿಳಿದರೆ ಹೇಗಿರುತ್ತದೆ ಎಂದು ಯೋಚಿಸಿದರೆ ಸಾಕು.

ಈ ಲೆಕ್ಕದಲ್ಲಿ ನಾನು ಬಹುಕಾಲ ಗಮನಿಸದೇ ಹೋದ ಒಂದು ಅಂಶವಿದೆ. ಸರ್ಕಾರವು ತೆರೆದ 825 ಶಿಬಿರಗಳಲ್ಲಿದ್ದವರು ಸುಮಾರು 68 ಲಕ್ಷ. ಹಾಗಾದರೆ ಉಳಿದ 31 ಲಕ್ಷ ಜನ ಎಲ್ಲಿದ್ದರು? ಬಂಧುಗಳ, ಸ್ನೇಹಿತರ, ಎಷ್ಟೋ ಕಡೆ ಹಿಂದುಮುಂದಿನ ಪರಿಚಯವೇ ಇಲ್ಲದವರ ಮನೆಗಳಲ್ಲಿ, ಜಗಲಿಗಳಲ್ಲಿ, ದನದ ಕೊಟ್ಟಿಗೆಗಳಲ್ಲಿ. ಇಂದಿರಾ ಗಾಂಧಿಯವರ ವಿದೇಶ ಪ್ರವಾಸ, ಅಮೆರಿಕದ ಏಳನೆಯ ನೌಕಾಪಡೆ, ಹದಿಮೂರು ದಿನಗಳ ಯುದ್ಧ ಇವನ್ನೆಲ್ಲ ವಿವರವಾಗಿ ಬರೆಯುವ ಇತಿಹಾಸಕಾರರು ಈ ಜಗಲಿಗಳಿಗೆ ಒಂದು ಸಾಲನ್ನಷ್ಟೇ ಕೊಡುತ್ತಾರೆ. ಆ ಮನೆಯ ಹೆಂಗಸು ದಿನವೂ ಅನ್ನಕ್ಕೆ ಎಷ್ಟು ಹೆಚ್ಚು ಅಕ್ಕಿ ಹಾಕುತ್ತಿದ್ದಳೆಂಬುದು ಯಾವ ದಫ್ತರದಲ್ಲಿಯೂ ನಮೂದಾಗುವುದಿಲ್ಲವಷ್ಟೆ.

ಇದನ್ನು ಬರೀ ಔದಾರ್ಯದ ಕಥೆಯನ್ನಾಗಿ ಚಿತ್ರಿಸುವುದು ಸರಿಯಲ್ಲ. ಗಡಿ ಜಿಲ್ಲೆಗಳಲ್ಲಿ ಕೂಲಿಯ ದರ ಇಳಿಯಿತು, ದಿನಸಿಯ ಬೆಲೆ ಏರಿತು, ಶಾಲೆಗಳ ಕಟ್ಟಡಗಳು ಶಿಬಿರಗಳಾದುದರಿಂದ ಪಾಠ ನಿಂತಿತು. ಅಲ್ಲಿನ ಬಡ ಕೂಲಿಕಾರ ಗೊಣಗಿದ್ದರೆ ಅವನನ್ನು ತಪ್ಪಿತಸ್ಥನೆನ್ನುವ ಅಧಿಕಾರ, ಸಾವಿರಾರು ಮೈಲಿ ದೂರದಲ್ಲಿ ಐದು ಪೈಸೆ ಕೊಟ್ಟು ಕುಳಿತಿದ್ದ ನಮಗಿಲ್ಲ.

ಇನ್ನು ಬೋನ್‌ಗಾಂವ್‌ನ ಸಂಗತಿ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಪೂರ್ವ ಪಾಕಿಸ್ತಾನದ ಗಡಿಗೆ ಹೊಂದಿಕೊಂಡ, ಜೆಸ್ಸೋರ್ ರಸ್ತೆಯ ಮೇಲಿನ ಪಟ್ಟಣವದು. ಮಳೆಗಾಲ ಆರಂಭವಾಗುತ್ತಿದ್ದಂತೆ ಶಿಬಿರಗಳಿಗೆ ಕಾಲರಾ ಹೊಕ್ಕಿತು. ಜೂನ್ 24ರಂದು ದಿಲೀಪ್ ಮಹಲನೊಬಿಸ್ ಎಂಬ ವೈದ್ಯರು ಅಲ್ಲಿಗೆ ಬಂದರು. ಕಲ್ಕತ್ತೆಯಲ್ಲಿದ್ದ ಜಾನ್ಸ್ ಹಾಪ್‌ಕಿನ್ಸ್ ಸಂಶೋಧನ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಅವರು ಹುಟ್ಟಿದ್ದು ಅವಿಭಜಿತ ಬಂಗಾಳದ ಕಿಶೋರ್‌ಗಂಜ್‌ನಲ್ಲಿ. ಓಡಿ ಬರುತ್ತಿದ್ದವರು ಒಂದರ್ಥದಲ್ಲಿ ಅವರ ಊರ ಕಡೆಯ ಜನರೇ. ಅಲ್ಲಿನ ಆಸ್ಪತ್ರೆಯಲ್ಲಿ ಕಾಲರಾ ರೋಗಿಗಳಿಗೆಂದು ಇದ್ದದ್ದು ಎರಡು ಕೋಣೆ, ಹದಿನಾರು ಹಾಸಿಗೆ. ರೋಗಿಗಳು ನೆಲದ ಮೇಲೆಲ್ಲ ಮಲಗಿದ್ದರು. ವಾಂತಿ ಭೇದಿಗಳ ನಡುವೆಯೇ ಮಂಡಿಯೂರಿ ಕುಳಿತು ಚಿಕಿತ್ಸೆ ನೀಡಬೇಕಾಗಿತ್ತು.

ಕಾಲರಾದಲ್ಲಿ ಮನುಷ್ಯ ಸಾಯುವುದು ಮೈಯೊಳಗಿನ ನೀರು ಮತ್ತು ಲವಣ ಬರಿದಾಗುವುದರಿಂದ. ಅಂದಿನ ಚಿಕಿತ್ಸೆಯೆಂದರೆ ರಕ್ತನಾಳಕ್ಕೆ ಸೂಜಿ ಚುಚ್ಚಿ ಸಲೈನ್ ಕೊಡುವುದು. ಅದಕ್ಕೆ ಬಾಟಲಿ ಬೇಕು, ಸೂಜಿ ಬೇಕು, ಚುಚ್ಚಲು ಬಲ್ಲ ಕೈಯೂ ಬೇಕು. ಬಾಟಲಿಗಳು ಬೇಗನೆ ಮುಗಿಯುತ್ತಾ ಬಂದವು. ಬರಿಯ ಉಪ್ಪುನೀರು ಕುಡಿಸಿದರೆ ಕರುಳು ಹೀರಿಕೊಳ್ಳುವುದಿಲ್ಲ, ಅದರೊಂದಿಗೆ ಗ್ಲೂಕೋಸು ಸೇರಿದರೆ ಹೀರಿಕೊಳ್ಳುತ್ತದೆ ಎಂಬುದು ವಿಜ್ಞಾನಿಗಳಿಗೆ ಅಷ್ಟರಲ್ಲಿ ಗೊತ್ತಾಗಿತ್ತು. ಢಾಕಾ, ಕಲ್ಕತ್ತೆಗಳ ಆಸ್ಪತ್ರೆಗಳಲ್ಲಿ ಪ್ರಯೋಗಗಳೂ ನಡೆದಿದ್ದವು. ಆದರೆ ವೈದ್ಯರ ಕಣ್ಗಾವಲಿಲ್ಲದ ಕಡೆ, ಇಂಥ ಗೊಂದಲದ ನಡುವೆ, ಅದನ್ನು ಜನರ ಕೈಗೇ ಕೊಡುವ ಧೈರ್ಯವನ್ನು ಯಾರೂ ಮಾಡಿರಲಿಲ್ಲ.

ಮಹಲನೊಬಿಸ್ ಆ ಧೈರ್ಯ ಮಾಡಿದರು. ಕಲ್ಕತ್ತೆಯ ಕೇಂದ್ರದ ಗ್ರಂಥಾಲಯದ ಕೋಣೆಯಲ್ಲಿ ಅಡುಗೆಯ ಉಪ್ಪು, ಅಡುಗೆ ಸೋಡ, ಗ್ಲೂಕೋಸುಗಳನ್ನು ತೂಗಿ ಪಾಲಿಥೀನ್ ಚೀಲಗಳಲ್ಲಿ ತುಂಬಿ, ಬಾಯಿಯನ್ನು ಇಸ್ತ್ರಿಪೆಟ್ಟಿಗೆಯಿಂದ ಅಂಟಿಸಲಾಯಿತು. ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸು, ಮೂರೂವರೆ ಗ್ರಾಂ ಉಪ್ಪು, ಎರಡೂವರೆ ಗ್ರಾಂ ಸೋಡ. ಬೋನ್‌ಗಾಂವ್‌ನಲ್ಲಿ ಈ ಪುಡಿಯನ್ನು ನಲ್ಲಿಯಿದ್ದ ಪೀಪಾಯಿಗಳಲ್ಲಿ ಕರಗಿಸಿ ಇಟ್ಟರು. ಕುಡಿಸಿದವರು ಯಾರು? ಬಹುಪಾಲು ದಾದಿಯರಲ್ಲ. ರೋಗಿಯ ತಾಯಿ, ಅಕ್ಕ, ಗಂಡ, ಪಕ್ಕದ ಹಾಸಿಗೆಯವನ ಅಣ್ಣ. ಲೋಟ ಹಿಡಿದು ಪೀಪಾಯಿಯಿಂದ ತುಂಬಿ ತಂದು, ಬೇಡವೆಂದರೂ ಬಿಡದೆ ಗುಟುಕು ಗುಟುಕಾಗಿ ಕುಡಿಸಿದವರು ಸ್ವತಃ ನಿರಾಶ್ರಿತರೇ. ಸುಮಾರು ಎಂಟು ವಾರಗಳಲ್ಲಿ 3,700ಕ್ಕೂ ಹೆಚ್ಚು ರೋಗಿಗಳಿಗೆ ಹೀಗೆ ಚಿಕಿತ್ಸೆಯಾಯಿತು. ಮೊದಲು ನೂರಕ್ಕೆ ಮೂವತ್ತರಷ್ಟಿದ್ದ ಸಾವಿನ ಪ್ರಮಾಣ ನಾಲ್ಕಕ್ಕಿಂತ ಕೆಳಗಿಳಿಯಿತು. ಈ ಪಾನಕವನ್ನು ಬೆರೆಸುವ ಬಗೆಯನ್ನು ಕರಪತ್ರಗಳಲ್ಲಿ ಅಚ್ಚು ಹಾಕಿಸಿ ಗಡಿಯುದ್ದಕ್ಕೂ ಹಂಚಿದರು. ಬಾಂಗ್ಲಾ ಹೋರಾಟಗಾರರ ಗುಪ್ತ ಬಾನುಲಿಯೂ ಅದನ್ನು ಬಿತ್ತರಿಸಿತು. ಇಂದು ನಮ್ಮ ಊರ ಔಷಧಿ ಅಂಗಡಿಯಲ್ಲಿ ಓಆರ್‌ಎಸ್ ಎಂದು ಕೇಳಿ ತರುವ ಪೊಟ್ಟಣದ ಹಿಂದೆ ಬೋನ್‌ಗಾಂವ್‌ನ ಆ ಎರಡು ಕೋಣೆಗಳಿವೆ. ಮಹಲನೊಬಿಸ್ 2022ರಲ್ಲಿ ತೀರಿಕೊಂಡರು. ಮರುವರ್ಷ ಪದ್ಮವಿಭೂಷಣ ಬಂತು. (ನಮ್ಮ ದೇಶ ಹೂಮಾಲೆಯನ್ನು ಯಾವಾಗಲೂ ಸ್ವಲ್ಪ ತಡವಾಗಿಯೇ ತರುತ್ತದೆ.)

ಒಂದು ಲೀಟರ್ ಪಾನಕದ ಸಾಮಗ್ರಿಗೆ ಅಂದು ತಗಲಿದ ಖರ್ಚು 11 ಪೈಸೆ ಎಂದು ಮಹಲನೊಬಿಸ್ ಮತ್ತು ಅವರ ಸಂಗಡಿಗರ ವರದಿಯಲ್ಲಿದೆ. ಅದನ್ನು ಓದಿದ ದಿನ ನಾನು ಕನ್ನಡಕ ತೆಗೆದಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಅಜ್ಜಿಯ ಐದು ಪೈಸೆ ಬೋನ್‌ಗಾಂವ್‌ನ ಪೀಪಾಯಿಗೆ ಹೋಗಿರಲಿಲ್ಲ, ನಿಜ. ಅಲ್ಲಿ ಕಾಲರಾ ಉಲ್ಬಣಿಸಿದ್ದು ಬೇಸಿಗೆ ಕಳೆದ ಮಳೆಗಾಲದಲ್ಲಿ. ಅಂಚೆಯ ಪಟ್ಟಿ ಜಾರಿಗೆ ಬಂದದ್ದು ನವೆಂಬರ್ 15ರಂದು. ಆದರೂ ಇಂಥ ಎರಡು ಚೀಟಿಗಳ ಬೆಲೆಗೆ ಹೆಚ್ಚುಕಡಿಮೆ ಒಂದು ಲೀಟರ್ ಪಾನಕ ಆಗುತ್ತಿತ್ತು. ಯಾರ ಹೊಟ್ಟೆ ತುಂಬುತ್ತೆ ಎಂದು ಅಜ್ಜಿ ಕೇಳಿದ್ದಳಲ್ಲ, ಹೊಟ್ಟೆ ತುಂಬದಿದ್ದರೂ ಒಂದು ಮಗುವಿನ ಬಾಯಿ ಒಣಗದಂತೆ ಕೆಲವು ಗಂಟೆ ಕಾಯಲು ಅಷ್ಟು ಸಾಕಿತ್ತು.

ಪಟ್ಟಿ ಬರಿಯ ಅಂಚೆಯ ಮೇಲಷ್ಟೇ ಇರಲಿಲ್ಲ. ರೈಲಿನ ಟಿಕೇಟು, ವಿಮಾನದ ಟಿಕೇಟು, ದಿನಪತ್ರಿಕೆಗಳ ಮೇಲೂ ಬಂತು. ನಮ್ಮಂಥವರು ವಿಮಾನ ಹತ್ತುವ ಮಾತಿರಲಿಲ್ಲವಾದ್ದರಿಂದ ಅದು ನಮ್ಮನ್ನು ತಟ್ಟಲಿಲ್ಲ. ಪತ್ರಿಕೆಯನ್ನು ಹೇಗೂ ಹೋಟೆಲಿನಲ್ಲೇ ಓದುತ್ತಿದ್ದೆವು!

ನಮ್ಮ ಶಾಲೆಯಲ್ಲಿ ಬಟ್ಟೆಬರೆ ಸಂಗ್ರಹಿಸಿದ್ದೂ ಇದೇ ದಿನಗಳಲ್ಲಿ. ನಾನು ಬಹಳ ಹೆಮ್ಮೆಯಿಂದ ಒಂದು ಅಂಗಿ ಒಯ್ದೆ. ಅದರ ಎರಡು ಗುಂಡಿ ಕಿತ್ತುಹೋಗಿದ್ದವು, ಕಂಕುಳಲ್ಲಿ ಹರಿದಿತ್ತು. ನಮ್ಮ ಹೊಲಿಗೆಯ ಟೀಚರು ಅದನ್ನು ಎತ್ತಿ ಹಿಡಿದು, “ನೀನು ಇದನ್ನ ನಾಳೆ ಸ್ಕೂಲಿಗೆ ಹಾಕ್ಕೊಂಡು ಬರ್ತೀಯೇನಪ್ಪಾ?” ಎಂದು ಕೇಳಿದರು. ಇಲ್ಲವೆಂದು ತಲೆಯಾಡಿಸಿದೆ. ಅವರು ಬೈಯಲಿಲ್ಲ. ಸೂಜಿದಾರ ಕೈಗಿತ್ತು ಕೂರಿಸಿದರು. ಆ ಮಧ್ಯಾಹ್ನ ಹುಡುಗರೂ ಹುಡುಗಿಯರೂ ಕೂಡಿ ಗುಂಡಿ ಹೊಲಿದೆವು, ಒಗೆದು ಒಣಗಿಸಿದೆವು, ಗಂಡಸರದು ಹೆಂಗಸರದು ಮಕ್ಕಳದು ಎಂದು ವಿಂಗಡಿಸಿ ಮೂಟೆ ಕಟ್ಟಿ ಹೊರಗೆ ಚೀಟಿ ಅಂಟಿಸಿದೆವು. ಉಡಲಾಗದ್ದನ್ನು ಬೇರೆಯೇ ತೆಗೆದಿಟ್ಟು, ಅದು ನೆಲ ಒರೆಸಲು ಶಾಲೆಗಿರಲಿ ಎಂದರು. ಮುಂದೆ ನಾನೇ ಮೇಷ್ಟ್ರಾಗಿ ನೆರೆ, ಭೂಕಂಪಗಳ ಸಂದರ್ಭದಲ್ಲಿ ಬಟ್ಟೆ ಕೂಡಿಸಿದಾಗಲೆಲ್ಲ ಇದೇ ಕ್ರಮವನ್ನು ಅನುಸರಿಸಿದೆ. ವಿಂಗಡಿಸದ ಮೂಟೆ ಶಿಬಿರ ತಲುಪಿದರೆ, ಮೊದಲೇ ಕೈ ಸಾಲದ ಅಲ್ಲಿನ ಕೆಲಸಗಾರರಿಗೆ ಇನ್ನೊಂದು ಕೆಲಸ ಹೆಚ್ಚಿತೆಂದೇ ಅರ್ಥ.

ದುಡ್ಡಿನ ವಿಷಯದಲ್ಲಿಯೂ ಆ ವರ್ಷ ಕಲಿಸಿದ ಪಾಠವಿದೆ. ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ಪಂಡಿತ ರವಿಶಂಕರ್ ಮತ್ತು ಜಾರ್ಜ್ ಹ್ಯಾರಿಸನ್ ನಡೆಸಿದ ಸಂಗೀತ ಕಛೇರಿ ಜಗತ್ಪ್ರಸಿದ್ಧ. ಟಿಕೇಟಿನಿಂದ ಬಂದ ಸುಮಾರು ಎರಡೂ ಕಾಲು ಲಕ್ಷ ಡಾಲರಿಗೂ ಮಿಕ್ಕಿದ ಹಣ ಯುನಿಸೆಫ್‌ಗೆ ಸಲ್ಲಿತು. ಆದರೆ ಅದರ ಧ್ವನಿಮುದ್ರಿಕೆ, ಚಲನಚಿತ್ರಗಳಿಂದ ಬಂದ, ಅದಕ್ಕಿಂತ ಬಹುಪಾಲು ದೊಡ್ಡದಾದ ಮೊತ್ತ ವರ್ಷಗಟ್ಟಲೆ ಅಮೆರಿಕದ ತೆರಿಗೆ ತಕರಾರಿನಲ್ಲಿ ಸಿಕ್ಕಿಕೊಂಡಿತು. ಹಣವು ಯಾವ ಸಂಸ್ಥೆಯ ಮೂಲಕ, ಯಾವ ರೀತಿಯಲ್ಲಿ ಸಾಗಬೇಕೆಂಬುದನ್ನು ಮೊದಲೇ ಕ್ರಮಬದ್ಧವಾಗಿ ಗೊತ್ತುಪಡಿಸಿರಲಿಲ್ಲ ಎಂಬುದೇ ಕಾರಣ. ನಿರಾಶ್ರಿತರು ಮನೆಗೆ ಮರಳಿ ಎಷ್ಟೋ ಕಾಲವಾದ ಮೇಲೂ ಆ ದುಡ್ಡು ಕಾಯುತ್ತಲೇ ಇತ್ತು. ಡಬ್ಬಿ ಹಿಡಿದು ಹೊರಡುವ ಮುನ್ನ ರಸೀದಿ ಪುಸ್ತಕ, ನೋಂದಣಿ, ಬ್ಯಾಂಕಿನ ಖಾತೆಗಳನ್ನು ಕೇಳುವವನನ್ನು ನಾವು ಜಿಪುಣನೆಂದು ಹೀಯಾಳಿಸುತ್ತೇವೆ. ಹಾಗೆ ಕೇಳುವವನೇ ಮೊದಲ ಉಪಕಾರಿ ಎಂದು ನನ್ನ ಅಭಿಪ್ರಾಯ.

ಇದಕ್ಕೆ ಹೋಲಿಸಿದರೆ ಅದೇ ಬೇಸಿಗೆಯ ಕೊನೆಯಲ್ಲಿ ಗಡಿ ದಾಟಿ ಬಂದ ಕಾಲ್ಚೆಂಡಿನ ಆಟಗಾರರು ಮಾಡಿದ್ದು ಸರಳ. ‘ಸ್ವಾಧೀನ ಬಾಂಗ್ಲಾ’ ಎಂಬ ತಂಡ ಕಟ್ಟಿಕೊಂಡು, ಜುಲೈ 25ರಂದು ಕೃಷ್ಣನಗರದಲ್ಲಿ ನದಿಯಾ ಜಿಲ್ಲೆಯ ತಂಡದೊಡನೆ ಮೊದಲ ಪಂದ್ಯ ಆಡಿದರು. ಬಳಿಕ ಊರೂರು ತಿರುಗಿ ಆಡಿ, ಬಂದ ಹಣವನ್ನು ವಿಮೋಚನೆಯ ನಿಧಿಗೆ ಕೊಟ್ಟರು. ಟಿಕೇಟು ಕೊಂಡವರಿಗೆ ಆಟ ದಕ್ಕಿತು. ಆಡಿದವರು ಯಾರ ಮುಂದೆಯೂ ಕೈಚಾಚಲಿಲ್ಲ.

ಈಗ ನನ್ನದೇ ಒಂದು ತಪ್ಪನ್ನು ಹೇಳಬೇಕು. ಕೆಲಸಕ್ಕೆ ಸೇರಿದ ಆರಂಭದಲ್ಲಿ, ಎಂಬತ್ತರ ದಶಕದಲ್ಲಿ, ಸಿಂಧನೂರು ಸೀಮೆಯ ಪ್ರೌಢಶಾಲೆಯೊಂದರಲ್ಲಿ ನಾನು ಕೆಲವು ವರ್ಷ ಇದ್ದೆ. ಆ ತಾಲೂಕಿನಲ್ಲಿ ‘ಆರ್.ಎಚ್. ಕ್ಯಾಂಪ್’ಗಳೆಂದು ಕರೆಯಲಾಗುವ ಊರುಗಳಿವೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೆ ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಪ್ರದೇಶದಲ್ಲಿ ಜಮೀನು ಕೊಟ್ಟು ನೆಲೆಗೊಳಿಸಿದ ಊರುಗಳವು. ಒಂದು ದಿನ ಹತ್ತನೆಯ ತರಗತಿಗೆ ಬಾಂಗ್ಲಾ ವಿಮೋಚನೆಯ ನೋಟ್ಸ್ ಬರೆಸುತ್ತಿದ್ದೆ. “ಒಂದು ಕೋಟಿ ನಿರಾಶ್ರಿತರು ಭಾರತಕ್ಕೆ ಹೊರೆಯಾದರು” ಎಂದು ಹೇಳಿ ಮುಂದಿನ ವಾಕ್ಯಕ್ಕೆ ಹೋದೆ. ಮೂರನೆಯ ಬೆಂಚಿನ ಒಬ್ಬ ಹುಡುಗ ಬರೆಯುವುದನ್ನು ನಿಲ್ಲಿಸಿದ್ದ. ಕ್ಯಾಂಪಿನ ಹುಡುಗ. ತರಗತಿ ಮುಗಿದ ಮೇಲೆ ನನ್ನ ಬಳಿ ಬಂದು ನಿಂತ. ಬಂಗಾಳಿ ಉಚ್ಚಾರ ಬೆರೆತ ರಾಯಚೂರು ಸೀಮೆಯ ಕನ್ನಡದಲ್ಲಿ, “ಸರ್, ಹೊರೆ ಅಂದ್ರ ಭಾರ ಅಲ್ರೀ? ನಮ್ಮಪ್ಪ ಹೊಲದಾಗ ಭತ್ತ ಬೆಳೀತಾನ್ರೀ” ಎಂದ. ಅಷ್ಟೇ. ದೂರು ಹೇಳಲಿಲ್ಲ, ಅಳಲಿಲ್ಲ.

ನಾನು ಏನೋ ಸಮಜಾಯಿಷಿ ಹೇಳಿದೆ. ಪುಸ್ತಕದಲ್ಲಿರುವುದು ಸರ್ಕಾರದ ಖರ್ಚಿನ ಮಾತು, ನಿಮ್ಮ ತಂದೆಯಂಥವರನ್ನು ಕುರಿತದ್ದಲ್ಲ, ಎಂದೆಲ್ಲ. ಹುಡುಗ ತಲೆಯಾಡಿಸಿ ಹೋದ. ಮರುದಿನ ಆ ವಾಕ್ಯವನ್ನು ಅಳಿಸಿ ಬರೆಸಬಹುದಿತ್ತು; ನಾನು ಬರೆಸಲಿಲ್ಲ. ಹೊಸ ಮೇಷ್ಟ್ರು ತಪ್ಪೊಪ್ಪಿಕೊಂಡರೆ ಹುಡುಗರು ಸದರ ಮಾಡುತ್ತಾರೆಂಬ ಹೆದರಿಕೆ. ಮುಂದಿನ ವರ್ಷ ಬೇರೆ ಹುಡುಗರಿಗೆ ಬೇರೆ ರೀತಿ ಬರೆಸಿದೆನೆಂಬುದು ಆ ಹುಡುಗನಿಗೇನೂ ಉಪಯೋಗಕ್ಕೆ ಬರಲಿಲ್ಲ.

ಅದೇ ಊರಿನ ಕಿರಾಣಿ ಅಂಗಡಿಯ ಯಜಮಾನರೊಬ್ಬರು ನನಗಿಂತ ಹೆಚ್ಚು ತಿಳಿದವರಾಗಿದ್ದರು. ಕ್ಯಾಂಪಿನವರು ಮೊದಲು ಬಂದಾಗ ಭಾಷೆಯೂ ಬಾರದ, ಗುರುತೂ ಇಲ್ಲದ ಅವರಿಗೆ ಉದ್ರಿ ಕೊಡಲು ಯಾರೂ ಮುಂದಾಗಿರಲಿಲ್ಲವಂತೆ. ಇವರು ಉದ್ರಿ ಪುಸ್ತಕದಲ್ಲಿ ಒಂದೊಂದು ಮನೆಗೂ ಒಂದೊಂದು ಹಾಳೆ ತೆಗೆದರು. ಸುಗ್ಗಿಯವರೆಗೆ ಕಾದರು. “ದಾನ ಅಲ್ಲ ಸಾರ್, ಯಾಪಾರ. ಒಂದು ಪೈಸಾ ಮುಳುಗ್ಲಿಲ್ಲ” ಎಂದು ನನಗೆ ಹಾಳೆ ತಿರುವಿ ತೋರಿಸಿದ್ದರು. ಬಂದವರನ್ನು ಗಿರಾಕಿಯಾಗಿ ನೋಡಿದ್ದೇ ಅವರು ಮಾಡಿದ ಉಪಕಾರ. ಚಳಿಗಾಲದಲ್ಲಿ ನಮ್ಮ ಪಟ್ಟಣಗಳಲ್ಲಿ ಸ್ವೆಟರ್ ಹರಡಿಕೊಂಡು ಕೂರುವ ಟಿಬೆಟನ್ನರಲ್ಲಿ ಚೌಕಾಸಿ ಮಾಡುವಾಗ ನನಗೆ ಆ ಯಜಮಾನರ ನೆನಪಾಗುತ್ತದೆ. ಚೌಕಾಸಿ ಸ್ವಲ್ಪ ಕಡಿಮೆಯಾಗುತ್ತದೆ.

ಇಂದಿಗೂ ನಮ್ಮಲ್ಲಿ ನಿರಾಶ್ರಿತರಿಗಾಗಿಯೇ ಪ್ರತ್ಯೇಕ ಕಾನೂನು ಇಲ್ಲ. 1951ರ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ. ಆದ್ದರಿಂದ ಒಬ್ಬ ಗುಮಾಸ್ತ, ಒಬ್ಬ ಮನೆ ಮಾಲೀಕ, ಒಬ್ಬ ಮುಖ್ಯೋಪಾಧ್ಯಾಯರ ನಡವಳಿಕೆಗೆ ಇಲ್ಲಿ ಬೇರೆ ದೇಶಗಳಿಗಿಂತ ಹೆಚ್ಚು ಬೆಲೆ ಬರುತ್ತದೆ. ನನ್ನ ವೃತ್ತಿಬಾಂಧವರಿಗೆ ಒಂದು ಮಾತು: 2009ರ ಶಿಕ್ಷಣ ಹಕ್ಕು ಕಾಯಿದೆಯ ಹದಿನಾಲ್ಕನೆಯ ಪ್ರಕರಣದಂತೆ, ವಯಸ್ಸಿನ ದಾಖಲೆಯಿಲ್ಲವೆಂಬ ಕಾರಣಕ್ಕೆ ಯಾವ ಮಗುವಿಗೂ ಪ್ರವೇಶ ನಿರಾಕರಿಸುವಂತಿಲ್ಲ. ಓಡಿ ಬಂದವರ ಗಂಟಿನಲ್ಲಿ ಜನನ ಪ್ರಮಾಣಪತ್ರ ಇರುವುದು ಅಪರೂಪ. ಮಗುವನ್ನು ಸೇರಿಸಿಕೊಂಡ ಮೇಲೆ ದಿನಕ್ಕೆ ಅರ್ಧ ಗಂಟೆ ಕನ್ನಡ ಹೇಳಿಕೊಡಲು ನಿವೃತ್ತರಾದ ನಮ್ಮಂಥವರು ಊರಿಗೊಬ್ಬರಾದರೂ ಸಿಗುತ್ತೇವೆ. ಹೇಗೂ ಸಂಜೆ ಪಾರ್ಕಿನ ಬೆಂಚಿನಲ್ಲಿ ಕುಳಿತು ರಾಜಕೀಯ ಮಾತಾಡುವುದಷ್ಟೇ ನಮಗಿರುವ ಕೆಲಸ. ಭಾಷೆ ಬಾರದವರೊಡನೆ ಆಸ್ಪತ್ರೆಯ ಚೀಟಿ ಮಾಡಿಸುವ ಸಾಲಿನಲ್ಲಿ ನಿಲ್ಲುವುದು, ಬ್ಯಾಂಕಿನ ಅರ್ಜಿ ತುಂಬಿಕೊಡುವುದು ಇವೂ ಅಂಥವೇ ಕೆಲಸಗಳು.

1971ರ ಕಥೆ ಎಲ್ಲಿಗೆ ಮುಟ್ಟಿತೆಂದು ಹೇಳಿ ಮುಗಿಸುತ್ತೇನೆ. ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕ್ ಸೈನ್ಯ ಶರಣಾಯಿತು. ಜನವರಿಯಿಂದ ರೈಲು, ಲಾರಿಗಳಲ್ಲಿ, ಕಾಲ್ನಡಿಗೆಯಲ್ಲಿ ಜನ ಹಿಂದಿರುಗತೊಡಗಿದರು. ಹೊರಟವರಿಗೆ ದಾರಿಯ ಊಟ, ಎರಡು ವಾರಕ್ಕಾಗುವಷ್ಟು ದಿನಸಿ ಕೊಟ್ಟು ಕಳುಹಿಸಲಾಯಿತು. ಮಾರ್ಚ್ ಅಂತ್ಯದ ಹೊತ್ತಿಗೆ ಶಿಬಿರಗಳು ಬಹುಮಟ್ಟಿಗೆ ಬರಿದಾದವು. ಸುಟ್ಟ ಊರುಗಳಿಗೆ ಮರಳಿದವರ ನೆರವಿಗೆಂದು, ಲಂಡನ್ನಿನಲ್ಲಿದ್ದ ತಮ್ಮ ಮನೆಯನ್ನು ಮಾರಿ ಬಂದ ಫಜಲೆ ಹಸನ್ ಅಬೇದ್ 1972ರಲ್ಲಿ ಬ್ರಾಕ್ ಸಂಸ್ಥೆಯನ್ನು ಕಟ್ಟಿದರು. ಆ ಸಂಸ್ಥೆಯ ಹೆಣ್ಣುಮಕ್ಕಳು ಎಂಬತ್ತರ ದಶಕದಲ್ಲಿ ಮನೆಮನೆಗೆ ಹೋಗಿ ತಾಯಂದಿರಿಗೆ ಹೇಳಿಕೊಟ್ಟದ್ದು ಇದೇ ಪಾನಕವನ್ನು, ಗ್ಲೂಕೋಸಿನ ಬದಲು ಬೆಲ್ಲ ಹಾಕಿ: ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಒಂದು ಕೋಟಿಗೂ ಹೆಚ್ಚು ಮನೆಗಳಿಗೆ ಅವರು ಹೋದರು.

ಅಂಚೆಯ ಪಟ್ಟಿ ಮಾತ್ರ ನಿರಾಶ್ರಿತರು ಮರಳಿದ ಮೇಲೂ ಒಂದು ವರ್ಷ ಮುಂದುವರಿದು, 1973ರ ಮಾರ್ಚ್ 31ಕ್ಕೆ ನಿಂತಿತು. ಅಲ್ಲಿಯವರೆಗೂ ಅಜ್ಜಿ ಪ್ರತಿಸಲ ಗೊಣಗುತ್ತಲೇ ಆ ನಾಣ್ಯ ಕೊಡುತ್ತಿದ್ದಳು. ಮಾವನ ಲಕೋಟೆಯನ್ನು ತಂತಿಯಿಂದ ಬಿಡಿಸಿ, ತುಕ್ಕಿನ ಕಲೆಯಿರುವ ಆ ಚೀಟಿಯನ್ನು ಕೀಳದೆ ಹಾಗೆಯೇ ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟು ನನ್ನ ಓದುವ ಮೇಜಿನ ಮೇಲೆ ಇರಿಸಿಕೊಂಡಿದ್ದೇನೆ. ಸಿಂಧನೂರಿನ ಆ ಹುಡುಗನಿಗೂ ಈಗ ಐವತ್ತು ದಾಟಿರಬೇಕು.